ಗೌರಕ್ಕ ಡಾಕ್ಟರಮ್ಮನನ್ನು ಕೇಳಿದ್ದು

ಗೌರಕ್ಕ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದವರಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅವರು ನಕ್ಕರೆ ಸಾಲಿನ ಕೊನೆಯ ಮನೆಯವರೂ ಕೈಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ಕುಂಸಿ ಕಡೆಯ ರೈತರ ಮಗಳು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಬಿ.ಎ. ಮುಗಿಸಿ, ಮದುವೆಯಾಗಿ ಪಕ್ಕದ ಮನೆಗೆ ಬಂದ ನನಗೆ ಒಲೆ ಹೊತ್ತಿಸಲು ಕಲಿಸಿದವರು ಅವರೇ. “ಇಷ್ಟು ಓದಿದೋಳಿಗೆ ಹೊಗೆ ಯಾವ ಕಡೆ ಹೋಗುತ್ತೆ ಅಂತ ಗೊತ್ತಾಗ್ಲಿಲ್ವಲ್ಲ ಮಾರಾಯ್ತಿ” ಎಂದು ಊದುಕೊಳವೆ ಕಸಿದುಕೊಳ್ಳುತ್ತಿದ್ದರು.

ಅವರ ಯಜಮಾನರು ರಂಗಪ್ಪನವರು ಕುಲುಮೆಯ ಮುಂದೆ ಕೆಲಸ ಮಾಡುವವರು. ಮಾತು ತೀರಾ ಕಡಿಮೆ. “ಅವ್ರ ಪಾಲಿಂದೂ ನಾನೇ ಆಡ್ಬೇಕಲ್ಲ, ಅದಕ್ಕೇ ಬಾಯಿಗೆ ಪುರುಸೊತ್ತಿಲ್ಲ” ಎನ್ನುತ್ತಿದ್ದರು ಗೌರಕ್ಕ.

ಮುಟ್ಟು ನಿಂತು ನಾಲ್ಕು ವರ್ಷವಾಗಿದ್ದ ಗೌರಕ್ಕ ಒಂದು ಬೆಳಿಗ್ಗೆ ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಮುಟ್ಟಿನ ಮೂರು ದಿನ ಹೆಂಗಸರು ಮನೆಯೊಳಗೆ ಬರದ ಕಾಲ ಅದು. “ಮತ್ತೆ ಹೊರಗಾದೆ ಕಣೆ. ತೊಟ್ಟಿಲು ಯಾರಿಗೂ ಕೊಡ್ಬೇಡಿ ಅಂತ ಯಜಮಾನ್ರಿಗೆ ಹೇಳ್ಬೇಕು” ಎಂದರು. ನಲ್ಲಿಯ ಹತ್ತಿರ ಇದ್ದವರೆಲ್ಲ ನಕ್ಕೆವು. ನಾನೇ ಹೆಚ್ಚು ನಕ್ಕೆ. ಅದೇ ತಿಂಗಳು ಅವರು ಮೂರು ಸಲ ಹೊರಗೆ ಕೂತರು. ಕೆಲಸವಿಲ್ಲದೆ ಮಾತಿಗೆ ಸಿಕ್ಕರೆಂದು ನನಗೆ ಖುಷಿ. ಮೂರನೆಯ ಸಲ ಏಳಲು ಹೋದವರು ಕುಸಿದು ಬಿದ್ದರು. ಚಾಪೆಯೆಲ್ಲ ರಕ್ತ. ಆ ದಿನ ನೆನಪಾದಾಗಲೆಲ್ಲ ನನಗೆ ಮೊದಲು ಕೇಳಿಸುವುದು ನಲ್ಲಿಯ ಹತ್ತಿರ ನಾನು ನಕ್ಕ ನಗು. ಓದಿದ್ದವಳು ನಾನೊಬ್ಬಳೇ, ನಿಂತ ಮುಟ್ಟು ಮತ್ತೆ ಯಾಕೆ ಬಂತು ಎಂದು ಕೇಳಬೇಕಾಗಿದ್ದವಳೂ ನಾನೇ.

ಶಿವಮೊಗ್ಗದ ಲೇಡಿ ಡಾಕ್ಟರು ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಎಂದರು. ಬೆಂಗಳೂರಿನಲ್ಲಿ ಗಡ್ಡೆ ಸುಡಲು ಒಳಗೆ ರೇಡಿಯಂ ಇಡಿಸಿಕೊಂಡು ಗೌರಕ್ಕ ಬದುಕಿ ಬಂದರು. ಆದರೆ ನಗು ಕೇಳಿಸಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಅಕ್ಕಿ ಆರಿಸುತ್ತಾ ಒಮ್ಮೆ ಹೇಳಿದರು:

“ಅವ್ರು ಹಾಸಿಗೇನ ಮುಂದಿನ ಕೋಣೆಗೆ ತಗೊಂಡೋಗಿದಾರೆ. ಲೋಟ ಕೊಡೋವಾಗ್ಲೂ ಕೆಳಗಿಟ್ಟು ಹೋಗ್ತಾರೆ. ಮುಟ್ಟೂ ಇಲ್ಲ ಏನೂ ಇಲ್ಲ, ಆದ್ರೂ ನಾನು ಹೊರಗಿನೋಳೇ. ಹೇಸಿಗೆ ಆಗಿರ್ಬೇಕು ಕಣೆ. ಇನ್ನು ನಾವು ಗಂಡ ಹೆಂಡ್ತಿ ಹಾಗೆ ಇರಬಹುದಾ ಅಂತ ಡಾಕ್ಟ್ರಮ್ಮನ್ನ ಕೇಳ್ಬೇಕು. ನೀನು ಓದಿದೋಳು, ನೀನೇ ಕೇಳು.”

ಮುಂದಿನ ತಪಾಸಣೆಗೆ ಮೂವರೂ ಶಿವಮೊಗ್ಗದ ಬಸ್ಸು ಹತ್ತಿದೆವು. ರಂಗಪ್ಪನವರು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಡಾಕ್ಟರು ನನ್ನ ಮುಖ ನೋಡಿದಾಗ, “ಪಥ್ಯ ಏನಾದರೂ ಇದೆಯಾ?” ಎಂದುಬಿಟ್ಟೆ.

ಗೌರಕ್ಕ ನನ್ನನ್ನು ಮೊಣಕೈಯಿಂದ ಸರಿಸಿದರು. “ಪಥ್ಯ ಇರ್ಲಿ ಡಾಕ್ಟ್ರಮ್ಮ. ನಮ್ಮನೆಯವ್ರು ನನ್ನ ಮುಟ್ಟಬಹುದಾ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ಇದುವರೆಗೆ ಯಾರೂ ಕೇಳಿರ್ಲಿಲ್ಲ. ನಾನೇ ಹೇಳ್ಬೇಕಿತ್ತು” ಎಂದರು. “ಇದು ಅಂಟುರೋಗ ಅಲ್ಲ. ಮುಟ್ಟಬಹುದು, ಸೇರಬಹುದು. ಒಳಗೆ ಒಣಗಿ ಬಿಗಿಯಾಗಿರುತ್ತೆ, ಅವಸರ ಮಾಡ್ಬಾರ್ದು. ನೋವಾದ್ರೆ ಬಾಯಿಬಿಟ್ಟು ಹೇಳಿ, ಸಹಿಸ್ಕೋಬೇಡಿ. ರಕ್ತ ಕಂಡ್ರೆ ಇಲ್ಲಿಗೆ ಬನ್ನಿ.”

“ಅವ್ರಿಗೂ ಹೇಳಿ. ನಾನು ಹೇಳಿದ್ರೆ ನಂಬಲ್ಲ” ಎಂದು ಗೌರಕ್ಕ ಗಂಡನನ್ನು ಒಳಗೆ ಕರೆದರು.

ಎಲ್ಲ ಕೇಳಿಸಿಕೊಂಡ ರಂಗಪ್ಪನವರು ತಮ್ಮ ಪಾದ ನೋಡುತ್ತಾ ಹೇಳಿದರು: “ನನ್ನಿಂದ್ಲೇ ಆಯ್ತು ಅಂದ್ಕೊಂಡಿದ್ದೆ ಅಮ್ಮ. ದಿನವೆಲ್ಲ ಬೆಂಕಿ ಮುಂದೆ ಇರೋ ಮೈ. ಆ ಉಷ್ಣ ತಗುಲಿ ಇವಳಿಗೆ ರಕ್ತ ಹೋಯ್ತು ಅಂತ ದೂರ ಇದ್ದೆ. ಮೈ ತಣ್ಣಗಾಗ್ಲಿ ಅಂತ ಮೆಂತ್ಯದ ನೀರು ಕುಡೀತಿದೀನಿ.”

ಗೌರಕ್ಕ ಅವರನ್ನೇ ನೋಡಿದರು. “ಮೆಂತ್ಯಕ್ಕೆ ಹೇಳಿದ್ದನ್ನ ನಂಗೆ ಹೇಳ್ಬಾರ್ದಿತ್ತಾ?” ಎಂದು ನಗತೊಡಗಿದರು. ಹೊರಗಿದ್ದ ರೋಗಿಗಳು ಪರದೆ ಸರಿಸಿ ನೋಡಿದರು.

ಆಮೇಲೆ ಒಮ್ಮೆ ನಾನೇ ಧೈರ್ಯ ಮಾಡಿ, ಈಗ ಇಬ್ಬರೂ ಹೇಗಿದ್ದೀರಿ ಎಂದು ಕೇಳಿದೆ. “ಮೊದಲಿನ ಹಾಗಿಲ್ಲ ಕಣೆ” ಎಂದರು. “ಒಂದೊಂದು ಸಲ ನೋವು. ನೋವು ಅಂದ್ರೆ ಅವ್ರು ಸುಮ್ನಾಗ್ತಾರೆ. ಬೆನ್ನಿಗೆ ಬೆಚ್ಚಗೆ ಮಲಗಿರ್ತಾರಲ್ಲ, ಅದು ಬೇಕಿತ್ತು ನಂಗೆ.”

ಮೂರು ವರ್ಷದ ನಂತರ ಕಾಯಿಲೆ ಮರಳಿತು. ಅಷ್ಟರಲ್ಲಿ ನಾವು ಶಿವಮೊಗ್ಗಕ್ಕೆ ಬಂದಿದ್ದೆವು. ಕೊನೆಯ ಸಲ ನೋಡಲು ಹೋದಾಗ ಅವರು ಮಂಚದ ಮೇಲೆ ಗಂಡನ ಎದೆಗೊರಗಿ ಕೂತಿದ್ದರು. ರಂಗಪ್ಪನವರು ಹೆಂಡತಿಯ ತಲೆ ಬಾಚುತ್ತಿದ್ದರು. ಹೊರಗಿನವರೆದುರು ಗಂಡ ಹೆಂಡತಿ ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಾಗಿಲಲ್ಲೇ ಹಿಂದೆ ಸರಿದೆ.

“ಬಾರೆ ಒಳಗೆ” ಎಂದರು ಗೌರಕ್ಕ, ಸಣ್ಣ ದನಿಯಲ್ಲಿ. “ನೀನು ಎಷ್ಟು ಹೊತ್ತು ಕಾದ್ರೂ ಇವ್ರೇನು ಏಳಲ್ಲ.”

ರಂಗಪ್ಪನವರು ನನ್ನತ್ತ ತಲೆಯಾಡಿಸಿ ಮತ್ತೆ ಸಿಕ್ಕು ಬಿಡಿಸತೊಡಗಿದರು.