ಯಾರೂ ಇಲ್ಲದ ಮನೆಯ ದೀಪ

ಅತ್ತಿಗೆ ಕೂತರೂ ಅವರ ಬಲಗಾಲು ಕೂರುತ್ತಿರಲಿಲ್ಲ. ಕಾಲುಂಗುರ ಮರದ ನೆಲಕ್ಕೆ ಬಡಿದು ಟಕ್ ಟಕ್ ಎನ್ನುತ್ತಲೇ ಇರುತ್ತಿತ್ತು. ಸದ್ದು ನಿಂತರೆ ಅವರು ಎದ್ದು ಹೊರಗೆ ಹೋದರೆಂದು ಅರ್ಥ. ಕೆಂಟ್ ಎಂಬ ಊರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕ ಮೇಲೆ ನಾನು ಅಣ್ಣನ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ಸಾಲ ಕಟ್ಟಲಾಗದೆ ಜನ ಮನೆಗಳನ್ನು ಬ್ಯಾಂಕಿಗೆ ಬಿಟ್ಟು ಹೋಗುತ್ತಿದ್ದ ಕಾಲ ಅದು. ನಮ್ಮ ಪಕ್ಕದವರೂ ಒಂದು ಭಾನುವಾರ ಸಾಮಾನು ತುಂಬಿಕೊಂಡು ಹೊರಟುಹೋದರು. ಆ ಮನೆಯ ಛಾವಣಿಯ ಮೇಲೆ ಪಾಚಿ ದಪ್ಪಗಾಯಿತು. ಬ್ಲ್ಯಾಕ್‌ಬೆರಿಯ ಮುಳ್ಳು ಬೇಲಿ ದಾಟಿ ನಮ್ಮ ಹಿತ್ತಲಿಗೆ ಬಂತು. ಯಾರೋ ಕಿಟಕಿ ಒಡೆದರು, ಇನ್ಯಾರೋ ಅದಕ್ಕೆ ಹಲಗೆ ಬಡಿದರು. ಅತ್ತಿಗೆಗೆ ಊಟ ಸೇರದಾಯಿತು.

ಇಂಥ ಪಾಳು ಮನೆಗಳನ್ನು ನಗರದ ಕಚೇರಿಯೇ ಪಡೆದು, ರಿಪೇರಿ ಮಾಡಿಸಿ, ಮನೆ ಕೊಳ್ಳಲಾಗದ ಕುಟುಂಬಗಳಿಗೆ ಕಡಿಮೆ ಬೆಲೆಗೆ ಕೊಡುತ್ತದೆ ಎಂದು ಲೈಬ್ರರಿಯಲ್ಲಿ ಯಾರೋ ಹೇಳಿದ್ದೇ ಸಾಕಾಯಿತು. ಅತ್ತಿಗೆ ಆ ಕಚೇರಿಗೆ ಅಲೆದರು, ಬೀದಿಯ ಪ್ರತಿ ಮನೆಯವರಿಂದ ಅರ್ಜಿಗೆ ಸಹಿ ಹಾಕಿಸಿದರು. ಮನೆ ಪೂರ್ತಿ ಖಾಲಿ ಎಂದು ಖಚಿತವಾದರೆ ತೆಗೆದುಕೊಳ್ಳುತ್ತೇವೆ ಎಂದರು ಅಲ್ಲಿಯವರು. ಇಲ್ಲವಾದರೆ ಅದು ಹರಾಜಿಗೆ ಹೋಗುತ್ತದೆ, ಕೊಂಡವರು ಕೆಡವಿ ಗೋದಾಮಿನ ಲಾರಿ ನಿಲ್ಲಿಸುತ್ತಾರೆ.

ಇಷ್ಟರ ನಡುವೆ ಅತ್ತಿಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದರು. ಸಂಜೆಯಾದರೆ ರೇನ್‌ಕೋಟ್ ತೊಟ್ಟು, ರಬ್ಬರ್ ಬೂಟಿಗೆ ಕಾಲು ತೂರಿಸಿ ಪಕ್ಕದ ಮನೆಗೆ ಹೋಗುವರು. ಹೊಸ್ತಿಲು ಒರೆಸಿ, ಸೂರಿನ ಕೆಳಗೆ ಪುಟ್ಟ ರಂಗೋಲಿ ಹಾಕಿ, ಗಾಜಿನ ಲೋಟದಲ್ಲಿ ಎಣ್ಣೆದೀಪ ಇಟ್ಟು ಬರುವರು. ಅಣ್ಣ ಬೈದರೆ, "ಸಂಜೆ ದೀಪ ಕಾಣದ ಮನೆ ಇಡೀ ಬೀದಿಗೇ ಒಳ್ಳೇದಲ್ಲ ರೀ," ಅನ್ನುವರು.

ಕಚೇರಿಯವನು ಪರಿಶೀಲನೆಗೆ ಬಂದಾಗ ನಾವು ಯಾರೂ ಮನೆಯಲ್ಲಿರಲಿಲ್ಲ. ಒರೆಸಿದ ಹೊಸ್ತಿಲು, ಮಾಸದ ರಂಗೋಲಿ, ಮಸಿ ಹಿಡಿದ ಲೋಟ ನೋಡಿ, ಇಲ್ಲಿ ಯಾರೋ ವಾಸವಿದ್ದಾರೆ ಎಂದು ಬರೆದುಕೊಂಡು ಹೋದ. ಮನೆಯನ್ನು ಕೈಬಿಟ್ಟಿದ್ದೇವೆ ಎಂದು ಕಚೇರಿಯಿಂದ ಫೋನ್ ಬಂತು.

"ಒಂದು ಲೋಟ ಎಣ್ಣೇಲಿ ಪೂರಾ ಸಂಸಾರಾನೇ ತಂದು ಕೂರಿಸಿಬಿಟ್ಟೆಯಲ್ಲೇ," ಎಂದು ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ. ಮಾರನೆಯ ದಿನ ನನಗೆ ರಜೆ ಹಾಕಿಸಿ ಕಚೇರಿಗೆ ಹೊರಡಿಸಿದರು. "ನೀನು ಡ್ರೈವ್ ಮಾಡು ಸಾಕು, ಮಾತಾಡೋದು ನಾನು," ಎಂದರು. ಪರಿಶೀಲನೆಗೆ ಬಂದಿದ್ದವನನ್ನು ಹೇಗೆ ಒಪ್ಪಿಸಿದರೋ, ಮಧ್ಯಾಹ್ನ ಅವನು ಬಂದ. ಅವನ ಕಣ್ಣೆದುರೇ ಅತ್ತಿಗೆ ರಂಗೋಲಿ ಒರೆಸಿ ಹಾಕಿ, ಬಗ್ಗಿ, ಅದೇ ಚುಕ್ಕಿ, ಅದೇ ಎಳೆ ಮತ್ತೆ ಬಿಡಿಸಿದರು. ಇದು ನನ್ನ ಕೈಯದೇ ಎನ್ನುವುದಕ್ಕೆ ಅವರಲ್ಲಿದ್ದ ಸಾಕ್ಷಿ ಅದೊಂದೇ. ಅವನು ಪೂರ್ತಿ ಮುಗಿಯುವವರೆಗೆ ನಿಂತು ನೋಡಿದ. ಯಾರೂ ಇಲ್ಲದ ಮನೆಗೆ ದೀಪ ಯಾಕೆ ಎಂದು ಕೇಳಿದ.

ಅತ್ತಿಗೆ ಇಂಗ್ಲಿಷಿನಲ್ಲಿ ಮಾತು ಹುಡುಕಿದರು, ಸಿಗಲಿಲ್ಲ. ನನ್ನ ಕಡೆ ತಿರುಗಿದರು. "ಯಾರೂ ಇಲ್ಲ ಅಂತಾನೇ ಇಡೋದು ಅಂತ ಹೇಳೋ."

ನಾನು ಹೇಳಿದೆ. ಮತ್ತೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಇಲ್ಲಿ ಏನೂ ಇಡಬೇಡಿ ಎಂದು ಹೇಳಿ ಅವನು ಹೋದ.

ಆ ಚಳಿಗಾಲ ಅತ್ತಿಗೆಯನ್ನು ನೋಡಲಾಗುತ್ತಿರಲಿಲ್ಲ. ನಾಲ್ಕೂವರೆಗೆಲ್ಲ ಕತ್ತಲಾಗುವ ಊರು. ಅಡುಗೆಮನೆಯ ಕಿಟಕಿಗೂ ಬಾಗಿಲಿಗೂ ಓಡಾಡುವರು. ಬತ್ತಿ ಹೊಸೆದು ಡಬ್ಬಿಗೆ ತುಂಬುವರು. ಒಮ್ಮೆ ಬೂಟು ಹಾಕಿಕೊಂಡು ಬೇಲಿಯವರೆಗೆ ಹೋಗಿ, ನೆನೆದು ವಾಪಸು ಬಂದರು. "ಉಳಿಸ್ಕೋಬೇಕು ಅಂದ್ರೆ ಕತ್ತಲಲ್ಲೇ ಬಿಡಬೇಕಂತೆ. ಇದ್ಯಾವ ನ್ಯಾಯ ಕಣೋ," ಎಂದರು. ಆಗಲೇ ಅವರಿಗೆ ಉಬ್ಬಸವಿತ್ತು. ನಾವು ಅದನ್ನು ಚಳಿಯದೆಂದುಕೊಂಡೆವು.

ಮನೆ ಉಳಿಯಿತು. ಹೊಸ ಛಾವಣಿ ಬಂತು, ಮುಳ್ಳು ಹೋಯಿತು. ನರ್ಸ್ ಕೆಲಸದ ಫಿಲಿಪಿನೋ ಹೆಂಗಸೊಬ್ಬಳು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಮೊದಲ ದಿನವೇ ಅತ್ತಿಗೆ ಹೋಗಿ ಅವಳ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿ, ಚೆಲ್ಲಿದ್ದನ್ನು ತಾವೇ ಒರೆಸಿ, ದೀಪದ ಕತೆಯನ್ನೆಲ್ಲ ಕೈಸನ್ನೆಯಲ್ಲಿ ಹೇಳಿ ಬಂದರು. ಆ ಹೆಂಗಸಿಗೆ ಎಷ್ಟು ತಿಳಿಯಿತೋ ಎಂದು ನಾವು ತಮಾಷೆ ಮಾಡಿದೆವು.

ಮುಂದಿನ ಚಳಿಗಾಲಕ್ಕೆ ಅತ್ತಿಗೆ ಇರಲಿಲ್ಲ.

ಸೂತಕವೆಂದು ದೇವರ ದೀಪ ಹಚ್ಚಲಿಲ್ಲ. ಬಾಗಿಲ ಲೈಟ್ ಹಾಕಲೂ ಯಾರಿಗೂ ನೆನಪಾಗಲಿಲ್ಲ. ನೆಲ ಸದ್ದು ಮಾಡದ ಆ ಮನೆಯಲ್ಲಿ ನನಗೆ ಕೂರಲಾಗುತ್ತಿರಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಹಾಗೆ ಒಂದು ಸಂಜೆ ಬಾಗಿಲು ತೆಗೆದಾಗ, ನಮ್ಮ ಮೆಟ್ಟಿಲ ಮೇಲೆ ಗಾಜಿನ ಲೋಟದಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಪಕ್ಕದಲ್ಲಿ ಮಕ್ಕಳ ಸೀಮೆಸುಣ್ಣದಲ್ಲಿ ಗೀಚಿದ ಸೊಟ್ಟ ರಂಗೋಲಿ.

"ಸೂತಕ ಮುಗಿಯೋವರೆಗೂ ಬಾಗಿಲಿಗೆ ರಂಗೋಲಿ ಹಾಕೋ ಹಾಗಿಲ್ಲ ಕಣೋ," ಎಂದು ಅಣ್ಣ ಒದ್ದೆ ಬಟ್ಟೆ ಹಿಡಿದು ಬಂದ. ಒರೆಸಲು ಬಗ್ಗಿದವನು ಬಟ್ಟೆಯನ್ನು ಮಡಚಿ ಕೈಯಲ್ಲೇ ಹಿಡಿದ. ಆಮೇಲೆ ಗಾಳಿಗೆ ಆರದಂತೆ ಲೋಟವನ್ನು ಗೋಡೆಯ ಮಗ್ಗುಲಿಗೆ ಸರಿಸಿ ಒಳಗೆ ಬಂದ.