ಅಕ್ಕ ಒಪ್ಪಿದ ಪರೀಕ್ಷೆ

ನನ್ನ ನೆಗೆಣ್ಣಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಹೊರ್ತಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಅವಳು ಅಕ್ಕನಂತೆಯೇ ಇದ್ದಾಳೆ. ನಾನು ಇಂಡಿ ಪಟ್ಟಣದ ಶಾಲೆಗೆ ಪಾಠ ಹೇಳಲು ಹೋದರೆ ನನ್ನ ಮಕ್ಕಳನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು.

ಅಕ್ಕ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಪಿತ್ತಕೋಶದಲ್ಲಿ ಕಲ್ಲು ಎಂದರು. ವಿಜಯಪುರದಲ್ಲಿ ಆಪರೇಷನ್ ಆಯಿತು. ತೆಗೆದ ಪಿತ್ತಕೋಶವನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಕಿಮೋ ಕೊಟ್ಟರು. ಕೆಲಕಾಲ ತಡೆಯಿತು; ಆಮೇಲೆ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೂ ಗಡ್ಡೆ ಕಂಡಿತು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಲ್ಯಾಬಿನವರು ಮೇಣದಲ್ಲಿ ಇಟ್ಟಿರುತ್ತಾರೆ, ಅದರ ಜೀನ್ ಪರೀಕ್ಷೆ ಮಾಡಿಸಿದರೆ ತಕ್ಕ ಔಷಧಿ ಸಿಗಲೂಬಹುದು ಎಂದರು ಡಾಕ್ಟರು.

ಅಕ್ಕ ಒಪ್ಪಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತವಳು, "ಜೀನ್ ಅಂದ್ರ ವಂಶದ್ದಲ್ಲೇನ? ಮಗಳಿಗೆ ಮುದ್ದೇಬಿಹಾಳದ ಸಂಬಂಧ ಕೂಡೈತಿ. ನನ್ನ ರಕ್ತದಾಗ ಹಿಂಗೈತಿ ಅಂತ ಗೊತ್ತಾದ್ರ ಅಕಿನ್ನ ಯಾರು ಮಾಡ್ಕೋತಾರ? ನಾ ಹಿಂಗ ಇರ್ತೇನಿ, ಬಿಡು" ಎಂದಳು.

ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ಡಾಕ್ಟರಮ್ಮ ಎದ್ದು ಬಂದು ಅಕ್ಕನ ಪಕ್ಕದಲ್ಲೇ ಕುಳಿತರು.

"ಅವ್ವಾರ, ಹುಟ್ಟಿನಿಂದ ಬಂದದ್ದು ಬ್ಯಾರೆ, ಗಡ್ಡಿ ಬೆಳಿಯುವಾಗ ಅದರೊಳಗ ಆದ ಬದಲು ಬ್ಯಾರೆ. ನಾವು ನೋಡೂದು ಗಡ್ಡಿದ್ದು. ಬಹಳ ಮಟ್ಟಿಗೆ ಅದು ಮಕ್ಕಳಿಗೆ ಹೋಗೂದಿಲ್ಲ."

"ಬಹಳ ಮಟ್ಟಿಗೆ ಅಂದ್ರ?"

"ಅಪರೂಪಕ್ಕ ಮನಿತನದ್ದಿರಬಹುದು ಅನ್ನೂ ಸುಳಿವು ಸಿಗತೈತಿ. ಸಿಕ್ರ ನಿಮಗಷ್ಟ ಹೇಳ್ತೇನಿ. ಗೊತ್ತಿದ್ರ ಮಗಳೂ ಎಚ್ಚರದಿಂದ ಇರ್ತಾಳ, ಹೌದಲ್ರಿ?"

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. "ಹಂಗಾರ ಮಾಡ್ರಿ. ಆದ್ರ ಬೀಗರಿಗೆ ಮೊದಲ ಹೇಳ್ತೇನಿ. ಮುಚ್ಚಿಟ್ಟು ಮಗಳನ್ನ ಕೊಡಂಗಿಲ್ಲ."

ಮರುದಿನವೇ ಇಬ್ಬರೂ ಮುದ್ದೇಬಿಹಾಳಕ್ಕೆ ಹೋದೆವು. ಹುಡುಗನ ತಾಯಿ ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಪರೀಕ್ಷಾ ಏನರ ಹೇಳ್ಲಿ, ಹುಡುಗಿ ನಮ್ಮಕಿ. ನೀವು ಮೊದಲ ಆರಾಮಾಗ್ರಿ" ಎಂದು ಅಕ್ಕನ ಕೈ ಹಿಡಿದುಕೊಂಡರು. ಆ ಹೆಣ್ಣುಮಗಳಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೊರಗಿ ನಿದ್ದೆ ಹೋದಳು. ಅವಳು ಹಾಗೆ ನಿದ್ದೆ ಮಾಡಿ ಎಷ್ಟೋ ದಿನವಾಗಿತ್ತು.

ರಿಪೋರ್ಟು ಬಂತು. ಮನೆತನದ ಸುಳಿವೇನೂ ಇರಲಿಲ್ಲ. ಗಡ್ಡೆಯಲ್ಲಿ ಹರ್-ಟೂ ಎಂಬ ಜೀನ್ ಅತಿಯಾಗಿ ಹೆಚ್ಚಿಕೊಂಡಿತ್ತು. ಅದನ್ನೇ ಗುರಿಯಾಗಿಟ್ಟ ಇಂಜೆಕ್ಷನ್ ಇದೆ ಎಂದರು ಡಾಕ್ಟರು. ಎಲ್ಲರ ರಿಪೋರ್ಟಿನಲ್ಲೂ ಇಂಥ ದಾರಿ ಕಾಣುವುದಿಲ್ಲ, ಕಂಡರೂ ರೋಗ ಪೂರ್ತಿ ಹೋಗುತ್ತದೆ ಎನ್ನಲಾರೆ ಎಂಬುದನ್ನೂ ಹೇಳಿದರು. ನೇರವಾಗಿ ಹೇಳಿದ್ದಕ್ಕೇ ನಮಗೆ ಧೈರ್ಯ ಬಂತು.

ಇಂಜೆಕ್ಷನ್ ಶುರುವಾದ ಮೇಲೆ ಮೊದಲು ಮರಳಿದ್ದು ಹಸಿವು. "ಕೆಂಪು ಚಟ್ನಿ ತಾ" ಎಂದು ಅಕ್ಕ ಕೇಳಿದಾಗ ಭಾವ ಅಡುಗೆಮನೆಗೆ ಓಡಿದ್ದು ನೆನಪಿದೆ. ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಮಗಳ ಮದುವೆ ಅದೇ ಹುಡುಗನ ಜೊತೆ ಬಸವನ ಬಾಗೇವಾಡಿಯ ಗುಡಿಯಲ್ಲಾಯಿತು. ಅಕ್ಕ ತಾನೇ ನಿಂತು ಬಂದವರನ್ನು ಊಟಕ್ಕೆ ಕರೆದಳು.

ಇಂಜೆಕ್ಷನ್ ಇನ್ನೂ ನಡೆದಿದೆ. ಪ್ರತಿ ಸ್ಕ್ಯಾನಿಗೂ ನಾವು ಹೆದರುತ್ತೇವೆ. ಹೋದ ವಾರ ಮಗಳು ಬಸುರಿ ಎಂದು ಫೋನು ಬಂತು. ಅಕ್ಕ ಫೋನಿಟ್ಟವಳೇ, ಆಗಲೇ ಸೀಮಂತದ ಯೋಚನೆಯಲ್ಲಿ, ನನ್ನನ್ನು ಕೂಗಿದಳು: "ಕುಬಸಕ್ಕ ಹಸರು ಸೀರಿ ಬೇಕು. ರವಿವಾರ ನಿನಗ ಸೂಟಿ ಐತಲ್ಲ, ಇಂಡಿಗೆ ಹೋಗೂಣು ನಡಿ."