ಹವ್ಯಾಸ: ಸ್ವಿಮ್ಮಿಂಗ್

ಮೆಟ್ಟಿಲ ಕೆಳಗಿನ ಆ ಟೈಪಿಂಗ್ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವನು ಬೀದಿಯಲ್ಲೇ ಕಾಯಬೇಕು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಸ್ವಲ್ಪ ಬಿಸಿಯಾದರೂ ಮುನಿಸಿಕೊಂಡು ಕಾಗದ ನುಂಗುವ ಝೆರಾಕ್ಸ್ ಮೆಷಿನ್, ಅದರ ಪಕ್ಕದ ಕುರ್ಚಿಯಲ್ಲಿ ಬಯೋಡೇಟಾ ಮಾವ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕೆಲಸ ಹುಡುಕುವವರೆಲ್ಲ ಇವರ ಮುಂದೆಯೇ ಬಂದು ಕೂರುತ್ತಿದ್ದರಿಂದ ಬೀದಿಯವರು ಕಟ್ಟಿದ ಹೆಸರೇ ಗಟ್ಟಿಯಾಯಿತು. ಯಾರು ಎಲ್ಲಿಯವರೆಗೆ ಓದಿದ್ದಾರೆ, ಯಾವ ವಿಷಯದಲ್ಲಿ ಮುಗ್ಗರಿಸಿದ್ದಾರೆ, ಎಲ್ಲ ಮಾವನ ಹೊಟ್ಟೆಯಲ್ಲಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ನಿಯತ್ತಿನ ಮನುಷ್ಯ ಅನ್ನಿ.

ನಿಯತ್ತು ಕೈಕೊಡುತ್ತಿದ್ದದ್ದು ಒಂದೇ ಕಡೆ, ಹವ್ಯಾಸ ಅನ್ನುವ ಸಾಲಿನಲ್ಲಿ. ಅಲ್ಲಿ ಗಂಡು ಹೆಣ್ಣು, ಗಿಡ್ಡ ಉದ್ದ, ಗುಮಾಸ್ತೆ ಡ್ರೈವರ್ ಅನ್ನುವ ಭೇದವಿಲ್ಲದೆ ಎಲ್ಲರಿಗೂ ಮಾವ ಹಾಕುತ್ತಿದ್ದದ್ದು ಸ್ವಿಮ್ಮಿಂಗ್. ಬಂದವರನ್ನು ಒಂದು ಮಾತು ಕೇಳುತ್ತಲೂ ಇರಲಿಲ್ಲ. ಯಾರಾದರೂ ಗೊಣಗಿದರೆ ಕುರ್ಚಿ ತಿರುಗಿಸಿ ಪಾಠ ಶುರು.

“ಹಾಡೋದು ಅಂತ ಹಾಕಿದ್ರೆ, ಎಲ್ಲಿ ಒಂದು ಹಾಡಿ ಅಂತಾರೆ. ಓದೋದು ಅಂತ ಹಾಕಿದ್ರೆ ಯಾವ ಪುಸ್ತಕ ಓದಿದ್ರಿ ಅಂತಾರೆ, ನೀನು ಬೆಬ್ಬೆಬ್ಬೆ ಅಂತೀಯ. ಇಂಟರ್‌ವ್ಯೂ ರೂಮಲ್ಲಿ ನೀರು ಎಷ್ಟಿರತ್ತೆ ಹೇಳು? ಒಂದು ಲೋಟ. ಅದರಲ್ಲಿ ಹಾರಿ ತೋರಿಸು ಅಂತ ಯಾವ ಸಾಹೇಬನೂ ಹೇಳಲ್ಲ.”

ತಲೆದೂಗಲೇಬೇಕಾದ ಮಾತು. ಹೀಗೆ ಆ ಬೀದಿಯ ಸುತ್ತಮುತ್ತ ಕೆಲಸ ಹುಡುಕುವ ಅಷ್ಟೂ ಜನ ಕಾಗದದ ಮೇಲೆ ಸಲೀಸಾಗಿ ಈಜಾಡುತ್ತಿದ್ದರು.

ಒಮ್ಮೆ ನಿಜವಾಗಿ ಈಜು ಬರುತ್ತಿದ್ದ ಯುವಕನೊಬ್ಬ ಬಂದ. ಕಲ್ಲು ತೆಗೆದ ಹೊಂಡದಲ್ಲಿ ಚಿಕ್ಕಂದಿನಿಂದ ಬಿದ್ದು ಎದ್ದವನು. “ಮಾವ, ಈಜು ಅಂತಾನೇ ಹಾಕಿ, ನಂಗೆ ಬರತ್ತಲ್ಲ” ಅಂದ. ಮಾವನಿಗೆ ಅವನ ಮೇಲೆ ಕನಿಕರ ಬಂತು.

“ಬರತ್ತೆ ಅನ್ನೋದೇ ನಿನ್ನ ತೊಂದರೆ. ಈಜೋದು ಬೇರೆ, ಸ್ವಿಮ್ಮಿಂಗ್ ಮಾಡೋದು ಬೇರೆ. ಅಂಗಿ ಕಳಚಿ ಹೊಂಡಕ್ಕೆ ಹಾರ್ತೀಯಲ್ಲ, ಅದು ಈಜು. ಮನೆಗೆ ಹೋದ್ರೆ ಅಮ್ಮನ ಕೈಲಿ ಒದೆ. ಟವೆಲ್ ಹೆಗಲ ಮೇಲೆ ಹಾಕ್ಕೊಂಡು, ನೀರಿನ ಕನ್ನಡಕ ಏರಿಸ್ಕೊಂಡು, ಫೀಸು ಕಟ್ಟಿ ಹೋದ್ರೆ ಅದು ಸ್ವಿಮ್ಮಿಂಗ್. ಅದಕ್ಕೆ ಮನೇಲೂ ಮರ್ಯಾದೆ, ಆಫೀಸಲ್ಲೂ ಮರ್ಯಾದೆ.”

ಇಷ್ಟು ತಿಳಿದ ಮಾವ ತಾವು ಮಾತ್ರ ಪಾದ ಮುಳುಗುವುದಕ್ಕಿಂತ ಆಳದ ನೀರಿಗೆ ಜನ್ಮದಲ್ಲಿ ಇಳಿದವರಲ್ಲ. ಸ್ನಾನದ ಮನೆಯಲ್ಲಿ ತಲೆಗೆ ಎರಡು ಚೊಂಬು ಒಟ್ಟಿಗೆ ಬಿದ್ದರೆ ಕೆಮ್ಮಿ ಕೆಮ್ಮಿ ಕಂಗಾಲಾಗುತ್ತಿದ್ದರು.

ಅವರ ಮಗಳು ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದಳು. ಚಿಕ್ಕ ಮಕ್ಕಳೆಂದರೆ ಜೀವ ಬಿಡುವ ಹುಡುಗಿ. ಅಕ್ಕಪಕ್ಕದ ಮನೆಯ ಕೂಸುಗಳಿಗೆಲ್ಲ ಅವಳ ಸೊಂಟವೇ ಗಾಡಿ. ಕಂಡ ಕಂಡ ಶಾಲೆಗೆ ಅರ್ಜಿ ಹಾಕಿ, ತಿಳಿಸ್ತೀವಿ ಅನ್ನಿಸಿಕೊಂಡು, ಯಾರೂ ಏನೂ ತಿಳಿಸದೆ, ಮುಖ ಸಪ್ಪೆ ಮಾಡಿಕೊಂಡಿದ್ದಳು. ಕಡೆಗೆ ಗೋಡೆಯ ತುಂಬ ಆನೆ ಜಿರಾಫೆ ಬರೆಸಿದ ಒಂದು ದೊಡ್ಡ ಶಾಲೆಯಲ್ಲಿ ಜಾಗ ಖಾಲಿ ಇದೆಯೆಂದು ಗೊತ್ತಾಯಿತು. ಇದೊಂದು ಸಿಕ್ಕಿದರೆ ಸಾಕು, ಬೇರೆ ಏನೂ ಬೇಡ ಅಂದಳು. ಅರ್ಜಿ ಟೈಪ್ ಮಾಡಲು ಅಪ್ಪ ಕೂತಾಗ ಅವಳೂ ಹಿಂದೆ ನಿಂತು ನೋಡುತ್ತಿದ್ದಳು.

“ಅಪ್ಪ, ಅದೊಂದು ಬೇಡ. ನಂಗೆ ಈಜು ಬರಲ್ಲ.”

“ಅವರಿಗೆ ಹೇಗೆ ಗೊತ್ತಾಗತ್ತೆ?”

“ನಂಗೆ ಗೊತ್ತಲ್ಲ.”

“ನಿನ್ನನ್ನ ಯಾರು ಕೇಳ್ತಾರೆ?” ಅಂದು ಮಾವ ಪ್ರಿಂಟ್ ಕೊಟ್ಟೇಬಿಟ್ಟರು.

ಸಂದರ್ಶನದಲ್ಲಿ ಹೆಡ್‌ಮಿಸ್ಸು ಅಂಕಪಟ್ಟಿಯ ಮೇಲೆ ಕಣ್ಣು ಹಾಯಿಸಿದ್ದೂ ಇಲ್ಲ. ಹವ್ಯಾಸದ ಸಾಲಿಗೆ ಬಂದು ನಿಂತವರು ಅಲ್ಲಿಂದ ಕದಲಲಿಲ್ಲ. ಶಾಲೆಯವರು ಹೊಸದಾಗಿ ಈಜುಕೊಳ ಕಟ್ಟಿಸಿದ್ದರು, ಮಕ್ಕಳ ಅಪ್ಪ ಅಮ್ಮಂದಿರಿಂದ ಅದರ ಫೀಸೂ ವಸೂಲಾಗಿತ್ತು. ಕೋಚ್ ಒಬ್ಬರಿದ್ದರು. ಚಿಕ್ಕ ಮಕ್ಕಳ ಜೊತೆ ನೀರಿನಲ್ಲಿ ಇರಲು ಒಬ್ಬ ಹೆಣ್ಣುಮಗಳು ಬೇಕಾಗಿತ್ತು. “ದೇವರು ಕಳಿಸಿದ ಹಾಗೆ ಬಂದ್ರಿ ನೋಡಿ. ಸೋಮವಾರದಿಂದ ಬಂದುಬಿಡಿ” ಅಂದರು. ಹುಡುಗಿ ನಿಜ ಹೇಳಬೇಕೆಂದು ಬಾಯಿ ತೆರೆದಳು. ಕೆಲಸ ಸಿಕ್ಕಿತು ಅನ್ನುವ ಮಾತನ್ನು ಜನ್ಮದಲ್ಲಿ ಮೊದಲ ಸಲ ಕೇಳಿದ ಕಿವಿ ಆ ಬಾಯನ್ನು ಮುಚ್ಚಿಸಿತು.

ಮನೆಗೆ ಬಂದು ಹೇಳಿದಾಗ ಅವಳಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. “ಬೀದಿಯವರಿಗೆಲ್ಲ ಹಂಚ್ತಿದ್ರಲ್ಲ ನಿಮ್ಮ ಸ್ವಿಮ್ಮಿಂಗು, ಈಗ ಮನೆಗೇ ಬಂತು. ತಗೊಳ್ಳಿ.”

ಮಾವನಿಗೆ ಒಳಗೊಳಗೇ ಭಯವಾಗಿತ್ತು. ಮೇಲೆ ಮಾತ್ರ ಜಗ್ಗಲಿಲ್ಲ. “ಕೋಚ್ ಇರ್ತಾರೆ ತಾನೇ? ಈಜೋದು ಅವರ ಪಾಲು, ನಿಲ್ಲೋದು ನಿನ್ನ ಪಾಲು. ಸೊಂಟದ ತನಕ ನೀರಲ್ಲಿ ನಿಲ್ಲೋಕೆ ಏನು ಕಲೀಬೇಕು? ಏನಾದ್ರೂ ಆದ್ರೆ ಅವರು ಹಾರ್ತಾರೆ.”

ಸೋಮವಾರ ಮಾವನಿಗೆ ಅಂಗಡಿಯಲ್ಲಿ ಕೈ ಓಡಲಿಲ್ಲ. ಗಿರಾಕಿಯೊಬ್ಬನ ತಂದೆಯ ಹೆಸರಿನ ಜಾಗದಲ್ಲಿ ಅವನ ಹೆಸರನ್ನೇ ಹೊಡೆದರು. ಕೊನೆಗೆ ಬಾಗಿಲು ಎಳೆದು, ಮಗಳು ಮರೆತುಹೋದ ಊಟದ ಡಬ್ಬಿಯ ನೆಪ ಹಿಡಿದು ಶಾಲೆಗೆ ನಡೆದರು. ಕಾವಲಿನವನು ಡಬ್ಬಿ ನೋಡಿ ಒಳಗೆ ಬಿಟ್ಟ.

ಕೊಳ ನೋಡಲು ಚೆನ್ನಾಗಿತ್ತು. ಈ ತುದಿಯಲ್ಲಿ ಮಕ್ಕಳ ಸೊಂಟದ ಮಟ್ಟದ ನೀರು, ಆ ತುದಿಯಲ್ಲಿ ದೊಡ್ಡವರೂ ಮುಳುಗುವಷ್ಟು. ನಡುವೆ ಒಂದು ಹಗ್ಗ. ಬಣ್ಣ ಬಣ್ಣದ ಟೋಪಿ ಹಾಕಿದ ಪುಟಾಣಿಗಳು ಒಂದು ಗುಂಪು ನೀರಿನಲ್ಲಿ ಕಿಚಪಿಚ ಅನ್ನುತ್ತಿದ್ದವು. ನಡುವೆ ಮಗಳು, ಎರಡು ಕೈಗೂ ಎರಡು ಮಕ್ಕಳು ಜೋತುಬಿದ್ದಿದ್ದವು. ನಗುತ್ತಿದ್ದಳು. ಅವಳನ್ನು ಹಾಗೆ ನೋಡಿ ಮಾವನಿಗೆ ಸಂತೋಷವೇ ಆಯಿತು. ದಡದ ಮೇಲೆ ಟ್ರ್ಯಾಕ್‌ಸೂಟು, ಕಪ್ಪು ಕನ್ನಡಕ, ಕೊರಳಲ್ಲಿ ಪೀಪಿ ತೊಟ್ಟು ಕೋಚ್ ಸಾಹೇಬರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಎಂಥ ಗತ್ತು. ಮಾವನ ಉಸಿರು ಹಗುರವಾಯಿತು.

ಅಷ್ಟರಲ್ಲಿ ಕೋಚ್ ಕನ್ನಡಕ ತೆಗೆದು ಒರೆಸಿಕೊಂಡ.

ಮಾವನಿಗೆ ಗಿರಾಕಿಗಳ ಮುಖ ಮರೆಯುವುದಿಲ್ಲ. ಇವನು ಗೋದಾಮಿನ ಕೆಲಸಕ್ಕೆಂದು ಅರ್ಜಿ ಟೈಪ್ ಮಾಡಿಸಲು ಬಂದಿದ್ದ. ಪ್ರಿಂಟ್ ಕೈಗೆ ಬಂದ ಮೇಲೆ ಆ ಸಾಲಿನ ಮೇಲೆ ಬೆರಳಿಟ್ಟು, “ಸ್ವಿಮ್ಮಿಂಗ್ ಅಂದ್ರೆ ಏನು ಸಾರ್?” ಅಂತ ಕೇಳಿದವನು ಇವನೇ. ಮಾವನೇ ಅರ್ಥ ಹೇಳಿ ಕಳಿಸಿದ್ದರು.

ಕೋಚ್ ಕೂಡ ಮಾವನ ಗುರುತು ಹಿಡಿದ. ಹಲ್ಲು ಕಿರಿದು ಕತ್ತು ಆಡಿಸಿದ. ಆಮೇಲೆ ಪೀಪಿ ಊದಿ, “ಎಲ್ಲಾ ಹಗ್ಗದ ತನಕ ಹೋಗಿ. ಮಿಸ್, ಕರ್ಕೊಂಡು ಹೋಗಿ” ಅಂದ.

ಮಕ್ಕಳು ಆಳದ ಕಡೆಗೆ ಹೊರಟವು, ಮಗಳು ಅವುಗಳ ಜೊತೆ. ಅಷ್ಟು ಜನರಲ್ಲಿ ನೀರು ಬಲ್ಲವರು ಒಬ್ಬರೂ ಇಲ್ಲವೆಂದು ಗೊತ್ತಿದ್ದದ್ದು ಮಾವನಿಗೆ ಮಾತ್ರ. ಬಾಯಿ ಬಿಟ್ಟರೆ ಮಗಳ ಕೆಲಸ ಹೋಯಿತು. ಬಿಡದಿದ್ದರೆ ಏನು ಹೋಗುತ್ತದೋ ಯೋಚಿಸಲೂ ಧೈರ್ಯವಾಗಲಿಲ್ಲ. ಡಬ್ಬಿ ಅಲ್ಲೇ ಇಟ್ಟು ಕೊಳದ ಅಂಚಿಗೆ ಓಡಿದರು.

“ನಿಲ್ಲಮ್ಮ. ಎಲ್ಲರನ್ನೂ ಮೇಲೆ ಕರ್ಕೊಂಡು ಬಾ. ಈಗಲೇ.”

ಗಲಾಟೆಗೆ ಹೆಡ್‌ಮಿಸ್ಸು ಓಡಿ ಬಂದರು. ಮಾವ ಎಲ್ಲ ಹೇಳಿದರು. ಇಬ್ಬರಿಗೂ ಈಜು ಬರುವುದಿಲ್ಲ, ಬರೆದವನು ನಾನೇ ಅಂದರು. ಹೆಡ್‌ಮಿಸ್ಸು ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಬಯೋಡೇಟಾದಲ್ಲಿ ಅಷ್ಟು ಸ್ಪಷ್ಟವಾಗಿ ಪ್ರಿಂಟಾಗಿದೆ. ಯಾರೋ ಬಂದು ಹೇಳಿದ್ದನ್ನ ನಾನು ಹೇಗೆ ನಂಬಲಿ?”

ಬಟ್ಟೆಯಿಂದ ನೀರು ತೊಟ್ಟಿಕ್ಕಿಸುತ್ತಾ ನಿಂತಿದ್ದ ಮಗಳು ಹೇಳಿದಳು. “ನಿಜ ಮೇಡಂ. ನಂಗೆ ಬರಲ್ಲ.”

“ನಂಗೆ ಬರತ್ತೆ ಮೇಡಂ” ಅಂದ ಕೋಚ್. ರೆಪ್ಪೆ ಕೂಡ ಅಲುಗಲಿಲ್ಲ.

“ಹಾಗಾದ್ರೆ ಒಂದು ಸುತ್ತು ಹೋಗಿ ಬನ್ನಿ, ನೋಡೋಣ.”

“ಈಗಷ್ಟೇ ತಿಂಡಿ ತಿಂದೆ ಮೇಡಂ. ತಿಂದ ತಕ್ಷಣ ನೀರಿಗೆ ಇಳೀಬಾರದು. ಸ್ವಿಮ್ಮಿಂಗ್‌ನಲ್ಲಿ ಅದು ಮೊದಲನೇ ರೂಲು.”

ಹೆಡ್‌ಮಿಸ್ಸು ಒಪ್ಪಿಬಿಟ್ಟರು. ಒಪ್ಪದೆ ಏನು ಮಾಡುತ್ತಾರೆ, ಪಾಪ. ಪೀಪಿ ಸಮೇತ ಇವನ ಫೋಟೋ ಶಾಲೆಯ ಗೇಟಿನ ಬೋರ್ಡಿನಲ್ಲಿ ಆಳೆತ್ತರ ನಿಂತಿತ್ತು. ಸುಳ್ಳು ಹೇಳಿ ಕೆಲಸಕ್ಕೆ ಸೇರಿದ ತಪ್ಪಿಗೆ ಮಗಳನ್ನು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದರು. ಆಮೇಲೆ ಕಾವಲಿನವನನ್ನು ಪಕ್ಕಕ್ಕೆ ಕರೆದು, ಕೊಳದ ನೀರನ್ನು ಆಳದ ತುದಿಯಲ್ಲೂ ಮಕ್ಕಳ ಮೊಣಕಾಲಿಗಿಂತ ಕೆಳಗೆ ಇಳಿಸಲು ಮೆಲ್ಲಗೆ ಹೇಳಿದರು. ಬೋರ್ಡು ಹಾಗೆಯೇ ಉಳಿಯಿತು. ಮಾರನೆಯ ದಿನದಿಂದ ಮಕ್ಕಳು ಪಾದ ನೆನೆಸಿಕೊಂಡು ನಡೆದಾಡಿದವು, ಕೋಚ್ ಪೀಪಿ ಊದಿದ, ಅಪ್ಪ ಅಮ್ಮಂದಿರು ನಮ್ಮ ಮಗು ಸ್ವಿಮ್ಮಿಂಗ್ ಹೋಗತ್ತೆ ಅಂತ ಹೇಳಿಕೊಂಡು ತಿರುಗಿದರು.

ಆ ಸೋಮವಾರ ಸಂಜೆ ಮಾವ ಹಿತ್ತಲಿನ ಬಾಗಿಲಲ್ಲಿ ಕೂತರು. ಮಗಳು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಮಾತು ಎಲ್ಲಿಂದ ಎತ್ತಿಕೊಳ್ಳಬೇಕೋ ತಿಳಿಯದೆ, “ಹೋಗಲಿ ಬಿಡು, ಮಕ್ಕಳಿಗೇನೂ ಆಗಲಿಲ್ಲ. ಬೇರೆ ಶಾಲೆ ನೋಡೋಣ” ಅಂದರು. ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. “ನನ್ನ ಮೇಲೆ ಸಿಟ್ಟಾ?” ಅಂತ ಕೇಳಿದರು.

“ಇಲ್ಲ ಅಪ್ಪ.” ಬಟ್ಟೆ ಕೊಡವಿದಳು. “ಒಂದು ಕೂಸು ಬೆಳಿಗ್ಗೆ ನೀರಿಗೆ ಇಳಿಯಲ್ಲ ಅಂತ ಅಳ್ತಿತ್ತು. ನನ್ನ ಕುತ್ತಿಗೆ ಹಿಡ್ಕೊಂಡು, ಮಿಸ್, ನಾನು ಮುಳುಗಿದ್ರೆ ನಿಮಗೆ ಎತ್ತೋಕೆ ಬರತ್ತಾ ಅಂತ ಕೇಳ್ತು.”

“ನೀನೇನಂದೆ?” ಅಂದರು ಮಾವ.

“ಬರತ್ತೆ ಪುಟ್ಟಾ ಅಂದೆ. ನಿನ್ನ ಥರಾನೇ ಅಂದೆ ಅಪ್ಪ, ಒಂದು ಚೂರೂ ತಡವರಿಸಲಿಲ್ಲ. ಅದು ನಂಬಿಕೊಂಡು ಇಳೀತು.”

ಅಷ್ಟು ಹೇಳಿ ಬಟ್ಟೆಯನ್ನು ತಂತಿಯ ಮೇಲೆ ಹರವಿ ಒಳಗೆ ಹೋದಳು. ಮಾವ ಊಟಕ್ಕೆ ಏಳಲಿಲ್ಲ.